ಪರದೆ ಮಾವನ ಕೊನೆಯ ಸೂರ್ಯಾಸ್ತ

ನನ್ನ ಸೋದರಮಾವ ನಲವತ್ತು ವರ್ಷ ಸೂರ್ಯನನ್ನು ಮುಳುಗಿಸಿದವನು. ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆಯುವುದು ಅವನ ಕಸುಬು. ಕೆರೆ, ಕೇಸರಿ ಬಾನು, ಎರಡೂ ಪಕ್ಕದಲ್ಲಿ ಮರ. ನಡುವೆ ಮಾತ್ರ ಮಬ್ಬುಬಣ್ಣದ ಖಾಲಿ ಜಾಗ, ಫೋಟೋ ತೆಗೆಸಿಕೊಳ್ಳುವವರು ನಿಲ್ಲಲಿಕ್ಕೆ. ಅಲ್ಲಿಯೂ ಏನಾದರೂ ಬರೆದರೆ ಮದುಮಗನ ನೆತ್ತಿಯ ಮೇಲೆ ಮರ ಹುಟ್ಟಿದ ಹಾಗಿರುತ್ತದೆ ಎನ್ನುತ್ತಿದ್ದ. ಎಷ್ಟೋ ಜೋಡಿಗಳಿಗೆ ಜಾಗ ಮಾಡಿಕೊಟ್ಟ ಪುಣ್ಯಾತ್ಮ ತಾನು ಮಾತ್ರ ಒಂಟಿಯಾಗಿಯೇ ಉಳಿದ.

ಪರದೆಗಳ ಕಾಲ ಮುಗಿಯಿತು. ಮೂರನೆಯ ಮಹಡಿಯ ಒಂದು ಕೋಣೆ, ಒಂದು ಸ್ಟೌ, ಟರ್ಪೆಂಟೈನ್ ವಾಸನೆ, ಮಾವ. ಭಾನುವಾರ ನನ್ನ ಅಮ್ಮ ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದು ತಮ್ಮನನ್ನು ಚೆನ್ನಾಗಿ ಬೈದು ಹೋಗುತ್ತಿದ್ದಳು. ವಾರಕ್ಕೆ ಅವನ ಕಿವಿಗೆ ಬೀಳುತ್ತಿದ್ದ ಮಾತು ಅಷ್ಟೇ. ಆ ಅಮ್ಮನನ್ನು ಇನ್ನು ನನ್ನ ಜೊತೆಯೇ ಇರಲೆಂದು ದೂರದ ನನ್ನ ಮನೆಗೆ ಕರೆದೊಯ್ಯಲು ಹೊರಟವಳು ನಾನು. ಆಗ ಮಾವನ ನೆನಪೇ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಸುದ್ದಿ ತಿಳಿದ ದಿನವೇ ಅವನು ಕ್ಯಾನ್ವಾಸ್ ಬಿಗಿದ. ಅಕ್ಕನ ಕೈಯಲ್ಲಿ ಕೊಟ್ಟು ಕಳಿಸಲು ಒಂದು ಸೂರ್ಯಾಸ್ತ, ಅದೂ ಎಣ್ಣೆಬಣ್ಣದಲ್ಲಿ. ಬಾನಿನ ಕೆಂಪು ಮಂಜಿನೊಳಗೆ ಕರಗಿ ನೀರಿಗಿಳಿಯುವುದನ್ನು ಆರು ವಾರ ತೆಳುವಾಗಿ, ಪದರ ಪದರವಾಗಿ ಹಚ್ಚಿದ. ನಡುವಿಗೆ ಬಂದರೆ ಮಾತ್ರ ಕೈ ಮೊಂಡು ಹಿಡಿಯುತ್ತಿತ್ತು. ದೋಣಿ ಬರೆದು ಒರೆಸಿದ. ಹಕ್ಕಿ ಬರೆದು ಒರೆಸಿದ. ಅಲ್ಲಿಗೆ ಯಾರೋ ಬಂದು ನಿಲ್ಲುತ್ತಾರೆ ಎಂದೇ ಆ ಕೈಗೆ ಅಭ್ಯಾಸ.

ಹೊರಡುವ ದಿನ ಅಮ್ಮನ ಜೊತೆ ನಾನೂ ಹೋದೆ. ಅಮ್ಮ ಚಿತ್ರದ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಚೆನ್ನಾಗಿದೆ ಕಣೋ. ಮಧ್ಯದಲ್ಲಿ ಏನೂ ಇಲ್ವಲ್ಲ, ಬಣ್ಣ ಖಾಲಿ ಆಯ್ತಾ?"

ಹಿಂದೆ ನಿಂತಿದ್ದ ಮಾವನಿಗೂ ನನಗೂ ಒಂದೇ ಕಂಡಿತು. ಅಮ್ಮನ ಬಾಗಿದ ಬೆನ್ನು, ನರೆತ ತುರುಬು ಆ ಖಾಲಿ ಜಾಗಕ್ಕೆ ಸರಿಯಾಗಿ ಹೊಂದಿದ್ದವು. ಚಿತ್ರ ಪೂರ್ತಿಯಾಗಿತ್ತು.

"ಸರಿ, ಕಟ್ಟಿಕೊಡು. ಹೊತ್ತಾಯ್ತು."

"ನಿನ್ನೆ ಹಚ್ಚಿದ್ದು ಇನ್ನೂ ಒಣಗಿಲ್ಲಕ್ಕ. ಕಾಗದ ಅಂಟ್ಕೊಳ್ಳುತ್ತೆ."

"ಹಾಗಾದ್ರೆ ಆಮೇಲೆ ಕಳಿಸು," ಎಂದು ಅಮ್ಮ ತಿರುಗಿದಳು.

"ಅಕ್ಕಾ, ಅಲ್ಲೇ ಒಂಚೂರು ನಿಂತ್ಕೋ."

"ಯಾಕೋ?"

"ಏನಿಲ್ಲ. ಸುಮ್ನೆ."

ಬದುಕಿಡೀ ಬೈದ ಅಮ್ಮ ಆ ದಿನ ಬೈಯಲಿಲ್ಲ. ಮತ್ತೆ ಚಿತ್ರದ ಕಡೆ ಮುಖ ಮಾಡಿ ನಿಂತಳು. ಕೆಳಗೆ ಟ್ಯಾಕ್ಸಿಯವನು ಹಾರನ್ ಹೊಡೆಯತೊಡಗಿದ. ನಾನು ಸದ್ದಾಗದಂತೆ ಇಳಿದು ಹೋಗಿ, ಸ್ವಲ್ಪ ಕಾಯಿರಿ ಎಂದೆ.

"ಎಷ್ಟು ಹೊತ್ತು?" ಎಂದು ಅವನು ಕೇಳಿದ.

ಹತ್ತೇ ನಿಮಿಷ ಎಂದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು.