ಬಾವಿಗೆ ಬಿದ್ದವಳು

ನಮ್ಮ ಮುತ್ತಾತನ ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತಳೆಂದು ಪ್ರತಿ ಮಹಾಲಯ ಅಮಾವಾಸ್ಯೆಗೂ ಅವಳ ಹೆಸರಲ್ಲಿ ಸೀರೆ ಇಟ್ಟು ಎಡೆ ಹಾಕುತ್ತೇವೆ. ಸೀರೆ ತರುವವಳು ನಾನೇ. ಈ ಸಲ ಬೈರಕೂರಿನ ಮನೆಗೆ ಹೆಳವ ಬಂದ. ತಲೆಮಾರುಗಳಿಂದ ನಮ್ಮ ವಂಶಾವಳಿ ಬರೆದಿಟ್ಟು ಓದುವ ಮನೆತನದವನು. ಅವಳದ್ದನ್ನು ಓದು ಎಂದೆ.

“ಆಯಮ್ಮ ಎಲ್ಲಿ ಸತ್ರು? ಗೌನಿಪಲ್ಲಿ ಕಡೆ ಇನ್ನೊಬ್ಬರನ್ನ ಕೂಡಿಕೆ ಮಾಡ್ಕೊಂಡು ಮಕ್ಕಳು ಮೊಮ್ಮಕ್ಕಳನ್ನ ಕಂಡ್ರು. ಆ ಮನೇಲೂ ಓದೋರು ನಾವೇ.”

ನನಗೆ ಮೈಯೆಲ್ಲ ಉರಿದುಹೋಯಿತು. “ಬದುಕಿರೋ ಹೆಂಡ್ತಿಗೆ ಎಡೆ ಇಟ್ಟನಾ? ಅವನೂ ಒಬ್ಬ ಗಂಡಸಾ?” ಎಂದು ಕೂಗಾಡಿದೆ.

“ಬೈಬೇಡಮ್ಮ,” ಎಂದ ಹೆಳವ. “ಗಂಡ ಸತ್ತೋದ ಅಂತ ಹೇಳಿ ತಾನೇ ಆಯಮ್ಮ ಕೂಡಿಕೆ ಆಗಿದ್ದು? ನಿಮ್ಮ ಮುತ್ತಾತ ಇಲ್ಲಿ ಹೊಲ ಉಳ್ತಿದ್ದಾಗಲೇ ಅಲ್ಲಿ ಅವರಿಗೂ ವರ್ಷ ವರ್ಷ ಎಡೆ ಇಡ್ತಿದ್ರು.”