ನೀರಿನ ಕೊಡದ ಪಕ್ಕದ ಕಿಟಕಿ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಅಕ್ಕನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಅಪ್ಪನ ಅಂಗಡಿ ಸೊರಬದಲ್ಲಿ. ಕೊನೆಯ ತರಗತಿಯ ಮೊದಲ ಪರೀಕ್ಷೆಯಲ್ಲಿ ಗಣಿತ ನಪಾಸಾಯಿತು. ಅಪ್ಪ ಒಂದು ಕಾರ್ಡು ಬರೆದರು: ಅರ್ಧವಾರ್ಷಿಕದಲ್ಲೂ ಹೀಗೇ ಆದರೆ ಓದಿದ್ದು ಸಾಕು, ಬಂದು ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ನನಗೆ ಗಂಡು ನೋಡುವ ಮಾತು ನಡೆದಿದೆಯೆಂದು ಅಕ್ಕ ಮೊದಲೇ ಹೇಳಿದ್ದಳು. ಕಾರ್ಡನ್ನು ಭೂಗೋಳದ ಪುಸ್ತಕದೊಳಗಿಟ್ಟೆ. ಅದರಲ್ಲಿ ಹೊಸದೇನೂ ಇರಲು ಸಾಧ್ಯವಿಲ್ಲದಿದ್ದರೂ ದಿನಕ್ಕೆ ಎರಡು ಸಲ ತೆಗೆದು ಓದುತ್ತಿದ್ದೆ.

ಗಣಿತದ ಮೇಷ್ಟ್ರು ದಾವಣಗೆರೆ ಕಡೆಯವರು. ವರ್ಷದ ಮೊದಲ ದಿನವೇ ಹೇಳಿದ್ದರು: "ಸಂಜಿ ನಾಲ್ಕರಿಂದ ನಾಲ್ಕೂವರಿ ತನಕ ನನ್ನ ಕೋಣ್ಯಾಗೆ ಕುಂತಿರ್ತೀನಿ. ತಿಳೀದಿದ್ದನ್ನ ಯಾರು ಬೇಕಾದ್ರೂ ಬಂದು ಕೇಳ್ರಿ." ಯಾರೂ ಹೋಗಲಿಲ್ಲ. ಹೋದ ಹುಡುಗನಿಗೆ 'ಮೇಷ್ಟ್ರ ಬಾಲ' ಎಂಬ ಹೆಸರು ಬೀಳುವುದು ಖಂಡಿತವಿತ್ತು. ಹುಡುಗಿಯರು ನಾವು ಐವರು. ಆ ಕೋಣೆಯ ಹೊಸ್ತಿಲು ದಾಟಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಕೋಣೆಯ ಕಿಟಕಿಯ ಹೊರಗೆ, ಜಗಲಿಯ ಮೇಲೆ, ಕುಡಿಯುವ ನೀರಿನ ಕೊಡ ಇಟ್ಟಿದ್ದರು. ನಾಲ್ಕಕ್ಕೆ ಗಂಟೆ ಹೊಡೆದ ಕೂಡಲೇ ಅಲ್ಲಿಗೆ ಹೋಗಿ ಒಂದು ಲೋಟ ಕುಡಿಯುತ್ತಿದ್ದೆ. ಅಂಗಳದ ತುದಿಯವರೆಗೆ ನಡೆದು, ತಿರುಗಿ ಬಂದು ಇನ್ನೊಂದು ಲೋಟ. ನೋಟ್‌ಬುಕ್ಕು ಎದೆಗವಚಿಕೊಂಡೇ ಇರುತ್ತಿತ್ತು. ನಾಲ್ಕೂವರೆಗೆ ಮೇಷ್ಟ್ರು ಕೊಡೆ ಹಿಡಿದು ಹೊರಟುಬಿಡುತ್ತಿದ್ದರು. ಹೀಗೆ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಶಾಲೆಯ ಜವಾನ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನವ್ವಾ, ನಿಮ್ಮನಿ ಬಾವಿ ಬತ್ತೈತೇನು? ಕೊಡ ತುಂಬೋನು ನಾನು, ಖಾಲಿ ಮಾಡಾಕಿ ನೀನು!"

"ಯಾರದು?" ಒಳಗಿನಿಂದ ಮೇಷ್ಟ್ರು ಕೇಳಿದರು.

"ಸೊರಬದ ಹುಡ್ಗಿ ಸಾರ್. ದಿನಾ ನೋಟ್‌ಬುಕ್ಕು ಹೊತ್ಕೊಂಡು ನೀರು ಕುಡಿಯಾಕ ಬರ್ತಾಳ."

ಮೇಷ್ಟ್ರು ನನ್ನನ್ನು ಒಳಗೆ ಕರೆಯಲಿಲ್ಲ, ತಾವೂ ಹೊರಗೆ ಬರಲಿಲ್ಲ. ಮೇಜು ನೆಲದ ಮೇಲೆ ಕಿರುಗುಟ್ಟುತ್ತ ಸರಿದು ಬಂದು ಕಿಟಕಿಗೆ ತಾಗಿತು. ಸರಳುಗಳ ನಡುವಿನಿಂದ ಒಂದು ಕೈ ಹೊರಬಂತು. "ಕೊಡಮ್ಮ."

"ನಂಗೆ ಏನೂ ಗೊತ್ತಾಗ್ತಿಲ್ಲ ಸಾರ್."

"ಏನೂ ಅಂದ್ರೆ ನನಗೂ ತಿಳಿಯಂಗಿಲ್ಲ. ಯಾವ ಸಾಲಿನ ತನಕ ತಿಳಿದೈತಿ? ಬೆರಳಿಟ್ಟು ತೋರ್ಸು."

ಮೂರನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವರು ಎರಡನೆಯ ಸಾಲಿಗೆ ಹೋದರು. ಬ್ರಾಕೆಟ್ಟಿನ ಮುಂದೆ ಮೈನಸ್ ಇದ್ದರೆ, ಬಿಡಿಸುವಾಗ ಒಳಗಿನ ಎಲ್ಲ ಗುರುತುಗಳೂ ಬದಲಾಗಬೇಕು. ನಾನು ಮೊದಲನೆಯದನ್ನಷ್ಟೇ ಬದಲಿಸಿ ಉಳಿದವನ್ನು ಹಾಗೇ ಬಿಡುತ್ತಿದ್ದೆ. ಪುಸ್ತಕದ ಮಾದರಿ ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡಿದ್ದರಿಂದ ಎರಡು ವರ್ಷ ಈ ತಪ್ಪು ನನಗೂ ಕಂಡಿರಲಿಲ್ಲ, ಯಾರಿಗೂ ಕಂಡಿರಲಿಲ್ಲ.

"ಒಂದೇ ತಪ್ಪನ್ನ ನೂರು ಕಡಿ ಮಾಡೀ," ಎಂದರು ಮೇಷ್ಟ್ರು. "ನೂರು ತಪ್ಪು ಅಂದ್ಕಂಡು ಹೆದರೀ."

ತರಗತಿಯಲ್ಲಿ ಅವರು ನಲವತ್ತು ಜನರಿಗೆ ಪಾಠ ಮಾಡುತ್ತಿದ್ದರು. ಅಲ್ಲಿ ನನ್ನ ಎರಡನೆಯ ಸಾಲು ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದಾಗ, ವರದಿ ಯಾಕೋ ಸರಿಯಾಗಿಲ್ಲ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಯಾವ ಸಾಲು ಎಂದೇ.

ಕಿಟಕಿ ಪಾಠದ ಎರಡನೆಯ ವಾರ ಸುದ್ದಿ ಭಾವನ ಭತ್ತದ ಮಂಡಿಗೆ ತಲುಪಿತು. ಶಿರಾಳಕೊಪ್ಪದ ಸಂತೆಗೆ ಹೊರಟಿದ್ದ ಗಿರಾಕಿಯೊಬ್ಬ ಭತ್ತ ತೂಗಿಸುತ್ತ, "ನಿಮ್ಮ ನಾದಿನಿ ಸಂಜಿ ಹೊತ್ತು ಕಿಟಕಿ ಕಾಯ್ತಾಳಂತಲ್ರೀ" ಎಂದನಂತೆ. ಬೆಳಿಗ್ಗೆ ಅಕ್ಕ ಇದನ್ನು ಹೇಳಿದಾಗಿನಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಹೋಗದಿದ್ದರೆ ಪರೀಕ್ಷೆ, ಹೋದರೆ ಭಾವ. ನಾಲ್ಕಕ್ಕೆ ಹೋದೆ. ಕಿವಿ ಪಾಠದ ಕಡೆಗಿತ್ತು, ಕಣ್ಣು ಗೇಟಿನ ಮೇಲಿತ್ತು.

ಭಾವ ಬಂದೇ ಬಂದರು. ಕೊಡದ ಪಕ್ಕದಲ್ಲಿ ನಿಂತರು.

ಮೇಷ್ಟ್ರು ತಲೆಯೆತ್ತಿದರು. "ಬರ್ರೀ ಸಾವ್ಕಾರ್ರೇ. ಏನು ಬೇಕಾಗಿತ್ತು?"

ಭಾವ ಸರಳುಗಳನ್ನು ನೋಡಿದರು, ಕಿಟಕಿಯ ಕಟ್ಟೆಯ ಮೇಲಿದ್ದ ನೋಟ್‌ಬುಕ್ಕನ್ನು ನೋಡಿದರು, ನನ್ನನ್ನು ನೋಡಿದರು. "ಏನಿಲ್ರೀ... ನೀರು ಕುಡಿಯಾಣ ಅಂತ."

"ನಿಮ್ಮ ಮನಿಯೋರಿಗೆಲ್ಲ ಏನು ದಾಹಾರೀ!" ಎಂದ ಜವಾನ.

ಮೇಷ್ಟ್ರು ಜೋರಾಗಿ ನಕ್ಕರು. ಭಾವ ಒಂದು ಲೋಟ ನೀರನ್ನು ಪೂರ್ತಿ ಕುಡಿದು, ನಾಲ್ಕೂವರೆಯವರೆಗೆ ಅಲ್ಲೇ ನಿಂತರು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳಿದರು: "ಒಬ್ಬಾಕಿನೇ ಹೋಗಬ್ಯಾಡ. ಇನ್ನೊಬ್ಬಾಕಿನ್ನ ಕರ್ಕೊಂಡು ಹೋಗು."

ಮರುದಿನ ನಾವು ಇಬ್ಬರಾದೆವು, ತಿಂಗಳೊಳಗೆ ನಾಲ್ವರು. ಹುಡುಗಿಯರಿಗೆ ಮೇಷ್ಟ್ರು ಏನೋ ಹೆಚ್ಚಿಗೆ ಹೇಳಿಕೊಡುತ್ತಿದ್ದಾರೆಂಬ ಗುಮಾನಿಯಿಂದ ಹುಡುಗರೂ ಬಾಗಿಲಿನಿಂದ ಒಳಗೆ ಬರತೊಡಗಿದರು.

ಅರ್ಧವಾರ್ಷಿಕದ ಉತ್ತರಪತ್ರಿಕೆ ಕೊಟ್ಟ ದಿನ ಅಪ್ಪ ಸೊರಬದ ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಹೊಸ ಹಗ್ಗದ ಸುತ್ತು. ನನ್ನ ಟ್ರಂಕು, ಹಾಸಿಗೆ ಕಟ್ಟುವುದಕ್ಕೆ. ನಾನು ಪತ್ರಿಕೆಯನ್ನು ಅವರ ಮುಂದಿಟ್ಟೆ. ಪಾಸಾಗಿದ್ದೆ, ಮೂರೇ ಅಂಕ ಹೆಚ್ಚಿಗೆ.

"ಇದೆಲ್ಲ ನೀನೇ ಮಾಡಿದ್ದಾ?"

"ಹೂಂ ಅಪ್ಪಯ್ಯ."

"ಮತ್ತೆ ಆವಾಗ ಯಾಕೆ ಬರ್ಲಿಲ್ಲ?"

"ಎಲ್ಲಿ ತಪ್ತಿದೀನಿ ಅಂತ ಗೊತ್ತಿರ್ಲಿಲ್ಲ."

ಅಪ್ಪ ಭಾವನ ಮುಖ ನೋಡಿದರು. "ದಿನಾ ಸಂಜಿ ಮೇಷ್ಟ್ರ ಹತ್ರ ಕಲೀತಾಳ, ನಾನು ಹೋಗಿ ನೋಡೀನ್ರೀ ಮಾವಾರೇ," ಎಂದರು ಭಾವ. "ಪಾಠಾನೇ ನಡೀತೈತಿ."

ಅಪ್ಪ ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟರು. ಹಗ್ಗ ಮರೆತಿದ್ದಾರೆಂದು ಅಕ್ಕ ಅದನ್ನು ಹಿಡಿದು ಬಾಗಿಲಿಗೆ ಓಡಿದಳು.

"ಇಲ್ಲೇ ಇರ್ಲಿ ಬಿಡೇ," ಎಂದರು ಅಪ್ಪ. "ಮಾರ್ಚಿ ಪರೀಕ್ಷೆ ಇನ್ನೂ ಬಾಕಿ ಇದೆಯಲ್ಲ."

ಅಕ್ಕ ಹಗ್ಗವನ್ನು ನಡುಮನೆಯ ಗೂಟಕ್ಕೆ ನೇತುಹಾಕಿದಳು. ನಾನು ಓದಲು ಕೂರುತ್ತಿದ್ದದ್ದು ಅದರ ಎದುರಿಗೇ. ಮರುದಿನ ನಾಲ್ಕಕ್ಕೆ, ಗಂಟೆಯ ಸದ್ದು ನಿಲ್ಲುವ ಮುಂಚೆಯೇ ಕಿಟಕಿಯ ಬಳಿ ಇದ್ದೆ.