ನನಗಿಂತ ಮೊದಲು ಡಾಕ್ಟರಾದ ಕೋಟು

ನಾನು ಡಾಕ್ಟರಾಗುವುದಕ್ಕೆ ಎಷ್ಟೋ ಮೊದಲೇ ನನ್ನ ಕೋಟು ಡಾಕ್ಟರಾಗಿತ್ತು. ಇದನ್ನು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ರೋಗಿಗಳಿಗಂತೂ ಹೇಳುವ ಹಾಗೆಯೇ ಇಲ್ಲ. ಈಕೆ ಮೊದಲ ಸಲ ಮೆಡಿಕಲ್ ಸೀಟು ಸಿಗದೆ ಮನೆಗೆ ಮರಳಿದವಳು ಎಂದು ಗೊತ್ತಾದರೆ ನಾನು ಕೊಟ್ಟ ಗುಳಿಗೆ ಅರ್ಧದಷ್ಟೇ ಕೆಲಸ ಮಾಡೀತು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಇದನ್ನು ಓದುವಷ್ಟು ಪುರುಸೊತ್ತಿದೆ ಎಂದಮೇಲೆ ಸದ್ಯಕ್ಕೆ ನೀವು ಆರೋಗ್ಯವಾಗಿಯೇ ಇದ್ದೀರಿ.

ಇದಕ್ಕೆಲ್ಲ ಕಾರಣ ಅಪ್ಪ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿ ಬರುವ ಹೊತ್ತಿಗೆ ಹಳಿ ಜೋಡಿಸಿ, ಸಿಗ್ನಲ್ ಇಳಿಸಿ, ಹಸಿರು ಬಾವುಟ ಹಿಡಿದು ನಿಲ್ಲುವ ಕೆಲಸ. ನಮ್ಮ ಕಡೆಯ ಗಾಡಿ ಹೊಸಪೇಟೆಯಿಂದ ಹೊರಟು ಕೊಟ್ಟೂರು ಮುಟ್ಟಿ, ಅಲ್ಲಿ ದಣಿವಾರಿಸಿಕೊಂಡು, ಹೋದ ದಾರಿಯಲ್ಲೇ ಹಿಂದಿರುಗುತ್ತಿತ್ತು. ನಡುವೆ ಅಪ್ಪನಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ. ಆ ಸಮಯದಲ್ಲಿ ಹುಟ್ಟಿದ ಸಿದ್ಧಾಂತ ಇದು: ಮೊದಲು ಬಟ್ಟೆ, ಆಮೇಲೆ ಕೆಲಸ. ಅಪ್ಪನಿಗೆ ನೌಕರಿ ಸಿಕ್ಕಾಗ ಯಾವ ಸ್ಟೇಷನ್ನು, ಏನು ಕೆಲಸ ಎಂದು ಗೊತ್ತಾಗುವ ಮೊದಲೇ ಖಾಕಿ ಬಟ್ಟೆ ಕೈಗೆ ಬಂದಿತ್ತಂತೆ. ಬಟ್ಟೆ ಬಂದಮೇಲೆ ಕೆಲಸ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಹಾಗಾಗಿ ನಾನು ಕೊಟ್ಟೂರಿನ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಮೆಡಿಕಲ್ಲಿಗೆ ಅರ್ಜಿ ಹಾಕಿದ ವಾರವೇ ಅಪ್ಪ ಬಿಳಿ ಬಟ್ಟೆ ತಂದ. ಅವ್ವ ಒಂದು ಗಾದೆ ಹೇಳಿದಳು. ಅದು ಯಾವುದೆಂದು ನಿಮಗೂ ಹೊಳೆದಿರುತ್ತದೆ, ಬರೆದು ಜಾಗ ಹಾಳು ಮಾಡುವುದಿಲ್ಲ. ಅಪ್ಪ ಅದಕ್ಕೆಲ್ಲ ಜಗ್ಗುವವನಲ್ಲ.

"ಮೈಲಾರದ ಗೊರವಯ್ಯನ್ನ ನೋಡಿಯಿಲ್ಲೇನು? ಮೊದ್ಲ ಕಂಬಳಿ ಹೊದ್ಕೋತಾನ, ಆಮ್ಯಾಲ ಗೊರವಯ್ಯ ಆಗ್ತಾನ. ಬರೇ ಮೈಯಾಗ ಡಮರುಗ ಬಾರಿಸಿದ್ರ ಯಾರು ಜ್ವಾಳ ನೀಡ್ತಾರ?" ಎಂದು ಬಟ್ಟೆ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟ.

ಬಸ್‌ಸ್ಟ್ಯಾಂಡ್ ರಸ್ತೆಯ ಟೇಲರ್ ರಾಜಾಸಾಬರು ಸ್ಟೇಷನ್ನಿನವರ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನ್ನ ಅಳತೆ ತೆಗೆದುಕೊಂಡಮೇಲೆ ಅವರು ಟೇಪು ಕೊರಳಿಗೆ ಹಾಕಿಕೊಂಡು, "ಡಾಕ್ಟರ ಕೋಟು ಹೆಂಗಿರ್ತೈತ್ರಿ?" ಎಂದು ಕೇಳಿದರು.

"ಬೆಳ್ಳಗಿರ್ತೈತಿ," ಎಂದ ಅಪ್ಪ.

ಇಷ್ಟೇ ಮಾಹಿತಿಯ ಮೇಲೆ ಕೋಟು ತಯಾರಾಯಿತು. ಕಾಕಾ ಅದುವರೆಗೆ ಹೊಲಿದಿದ್ದ ಬಿಳಿ ಕೋಟೆಂದರೆ ಸ್ಟೇಷನ್ ಮಾಸ್ತರರದು ಒಂದೇ. ಹಾಗಾಗಿ ನನ್ನ ಕೋಟಿಗೂ ಎರಡು ಹೆಗಲ ಮೇಲೆ ಗುಂಡಿ ಹಾಕುವ ಪಟ್ಟಿ ಬಂತು, ಎದೆಯ ಮೇಲೆ ಮುಚ್ಚಳವಿರುವ ಎರಡು ಜೇಬು ಬಂತು, ಸೀಟಿ ಇಟ್ಟುಕೊಳ್ಳಲು ಪುಟ್ಟದೊಂದು ಒಳಜೇಬೂ ಬಂತು. ತೊಟ್ಟುಕೊಂಡು ನಿಂತರೆ ರೋಗಿಗಿಂತ ಮೊದಲು ಗಾಡಿಯೇ ನನ್ನನ್ನು ನೋಡಿ ನಿಲ್ಲುವಂತಿತ್ತು. ಹಿಂದಿನ ಕಾಲದಲ್ಲಿ ಡಾಕ್ಟರುಗಳು ಕಪ್ಪು ಕೋಟು ಹಾಕುತ್ತಿದ್ದರಂತೆ. ಕೊಳೆಯಿಂದಲೇ ಕಾಯಿಲೆ ಅಂಟುತ್ತದೆಂದು ಗೊತ್ತಾದಮೇಲೆ, ಕೊಳೆಯಾದರೆ ಕಾಣಲಿ ಎಂದು ಬಿಳಿಗೆ ಬಂದರಂತೆ. ಆ ಕಪ್ಪಿನ ಕಾಲದಲ್ಲಿ ಹುಟ್ಟಿದ್ದರೆ ಹೊಲಿಸುವ ತಾಪತ್ರಯವೇ ಇರುತ್ತಿರಲಿಲ್ಲ, ಯಾರಾದರೊಬ್ಬ ಟಿ.ಸಿ.ಯ ಹಳೇ ಕೋಟನ್ನು ಅಪ್ಪ ಕೇಳಿ ತರುತ್ತಿದ್ದ.

ಕೋಟು ಬಂತು, ಸೀಟು ಬರಲಿಲ್ಲ. ಬಳ್ಳಾರಿಯ ಕಾಲೇಜಿಗೆ ಆಯ್ಕೆಯಾದವರ ಪಟ್ಟಿಯನ್ನು ನಾನು ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಫಿಸಿಕ್ಸ್ ಕೈಕೊಟ್ಟಿತ್ತು. ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತೆ. ಎಷ್ಟು ಅತ್ತೆನೆಂದರೆ ಒಲೆಯ ಮುಂದಿದ್ದ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ನನ್ನ ತಲೆ ಸವರಿದಳು.

ನಮ್ಮ ಕಡೆ ಯಾರಿಗಾದರೂ ಕಷ್ಟ ಬಂದರೆ ನೆಂಟರು ಮಾತಾಡಿಸಿಕೊಂಡು ಹೋಗಲು ಬರುತ್ತಾರೆ. ಸಾವಿಗೆ ಬರುತ್ತಾರೆ, ಎತ್ತು ಸತ್ತರೆ ಬರುತ್ತಾರೆ, ಸೀಟು ಸಿಗದಿದ್ದರೂ ಬರುತ್ತಾರೆಂದು ನನಗೆ ಆಗ ತಿಳಿಯಿತು. ಹಡಗಲಿಯ ಅತ್ತೆ ಅಲ್ಲಿಯ ಮಲ್ಲಿಗೆ ಮೊಗ್ಗಿನ ಮಾಲೆ ತಂದಿದ್ದಳು. ಇಂಥ ಹೊತ್ತಿನಲ್ಲಿ ಮುಡಿಸಬಹುದೋ ಬಾರದೋ ಎಂದು ತೋಚದೆ ಸಂಜೆಯತನಕ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಹರಪನಹಳ್ಳಿಯ ಚಿಕ್ಕಪ್ಪ ಚಹಾ ಕಪ್ಪಿನಿಂದ ಬಸಿಗೆ ಸುರಿದುಕೊಂಡು, "ಹೋಗ್ಲಿ ಬಿಡಮ್ಮ, ಡಾಕ್ಟ್ರಿಗೆ ಹೊತ್ತೊತ್ತಿಗೆ ಊಟನೇ ಇರಲ್ಲ," ಎಂದು ಸಮಾಧಾನ ಹೇಳಿದರು. ಊಟವೇ ಸೇರದೆ ಕೂತಿದ್ದ ನನಗೆ ಆ ಸಮಾಧಾನ ಎಷ್ಟು ತಾಗಿರಬೇಕು ನೀವೇ ಹೇಳಿ. ಬಂದವರೆಲ್ಲ ಮೆಲ್ಲಗೆ ಮಾತಾಡಿದರು, ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಟ್ಟುಸಿರು ಬಿಟ್ಟರು. ಮನೆಯಲ್ಲಿ ಸಕ್ಕರೆ ಮುಗಿಯಿತು. ಸತ್ತವರು ಯಾರು ಎಂಬುದು ಮಾತ್ರ ನನಗೆ ಸ್ಪಷ್ಟವಾಗಲಿಲ್ಲ.

ಕೋಟು ಕಾಕಾನ ಅಂಗಡಿಯಲ್ಲೇ ಉಳಿಯಿತು. ತರಲು ಅಪ್ಪನಿಗೆ ಧೈರ್ಯವಿಲ್ಲ, ಒಳಗೆ ಬಿಡಲು ಅವ್ವನಿಗೆ ಮನಸ್ಸಿಲ್ಲ. ಮಡಚಿಟ್ಟರೆ ಸುಕ್ಕು ಬೀಳುತ್ತದೆಂದು ಕಾಕಾ ಅದನ್ನು ಅಂಗಡಿಯ ಮುಂದಿನ ಗೂಟಕ್ಕೇ ನೇತುಹಾಕಿದರು. "ಯಾರ್ದ್ರಿ ಸಾಹೇಬ್ರ ಇದು?" ಎಂದು ಕೇಳಿದವರಿಗೆಲ್ಲ, "ನಮ್ಮ ಡಾಕ್ಟರಮ್ಮಂದು. ಬರ್ತಾಳ, ತಗೊಂಡು ಹೋಗ್ತಾಳ," ಎನ್ನುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಸುತ್ತಿನ ಓಣಿ ಹಿಡಿಯುತ್ತಿದ್ದೆ. ನಿಮಗೆ ನಗು ಬರಬಹುದು. ತನ್ನ ಕೋಟಿಗೆ ಮುಖ ತೋರಿಸಲಾಗದೆ ಓಡಾಡಿದವರ ಸಂಕಟ ಅವರಿಗೇ ಗೊತ್ತು.

ದಾರಿ ಇರಲಿಲ್ಲವೆಂದಲ್ಲ. ಬಂದ ಅಂಕ ಬೇಡವೆಂದು ಬರೆದುಕೊಟ್ಟರೆ ಮತ್ತೆ ಪರೀಕ್ಷೆಗೆ ಕೂತು, ಮತ್ತೆ ಅರ್ಜಿ ಹಾಕಬಹುದಿತ್ತು. ಆದರೆ ಬೇಡವೆಂದದ್ದು ಹೋಯಿತೆಂದೇ ಅರ್ಥ. ಮುಂದಿನ ಸಲ ಇನ್ನೂ ಕಡಿಮೆ ಬಂದರೆ ಮೆಡಿಕಲ್ ಹಾಗಿರಲಿ, ಇದ್ದ ಅಂಕಕ್ಕೆ ಸಿಗುತ್ತಿದ್ದ ಬಿ.ಎಸ್ಸಿ.ಯೂ ಕೈಬಿಡುತ್ತಿತ್ತು. ಅಷ್ಟರಲ್ಲಿ ಅವ್ವ ಮದುವೆಗೆಂದು ತಂಬ್ರಹಳ್ಳಿಯ ತನ್ನ ಅಣ್ಣನ ಮಗ ನಾಗರಾಜನ ಹೆಸರು ಎತ್ತಿದಳು. ಹೊಲ ಮನೆ ನೋಡಿಕೊಂಡಿದ್ದ ನಗುಮುಖದ ಹುಡುಗ, ನನ್ನ ವಾರಿಗೆಯವನು. ಚಿಕ್ಕಂದಿನಿಂದ ಒಟ್ಟಿಗೆ ಆಡಿ ಜಗಳಾಡಿದವರು. ಅವನಲ್ಲಿ ಕುಂದು ಹೇಳುವಂಥದ್ದು ಏನೂ ಇರಲಿಲ್ಲ, ಅದೇ ನನ್ನ ಭಯ. ಬೇಡ ಎನ್ನಲು ಕಾರಣ ಸಿಗದೆ ಹೂಂ ಎಂದುಬಿಟ್ಟರೆ? ಬರೆದುಕೊಡುವ ಕೊನೆಯ ದಿನ ಹತ್ತಿರ ಬರುತ್ತಿತ್ತು, ನಾನು ಏನನ್ನೂ ನಿರ್ಧರಿಸದೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ.

ಆ ಹೊತ್ತಿನಲ್ಲಿ ತಂಬ್ರಹಳ್ಳಿಯ ಹುಡುಗರು ನಾಟಕ ಹೂಡಿದರು. ಅದರಲ್ಲೊಂದು ಡಾಕ್ಟರ ಪಾತ್ರ, ಆ ಪಾತ್ರ ನಾಗರಾಜನಿಗೆ. ಕೋಟು ಎಲ್ಲಿಂದ ತರುವುದು? ತಾಲ್ಲೂಕಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಡಾಕ್ಟರ ಕೋಟೆಂದರೆ ನನ್ನದೊಂದೇ. ಅಪ್ಪನನ್ನು ಕೇಳಿ ಕಾಕಾ ಅದನ್ನು ಕಳಿಸಿಕೊಟ್ಟರು. ಅವ್ವನ ಜೊತೆ ನಾನೂ ಮಾವನ ಮನೆಗೆ ಹೋದೆ. ಹೋಗಲು ಮನಸ್ಸಿರಲಿಲ್ಲ, ಆದರೆ ಅವ್ವ ಹೊಸ ಸೀರೆ ಉಡಿಸಿದಾಗಲೇ ಇದು ಬರೀ ನಾಟಕ ನೋಡುವ ಪ್ರಯಾಣವಲ್ಲವೆಂದು ತಿಳಿದಿತ್ತು.

ನಾಟಕದ ಹಿಂದಿನ ದಿನ ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ವೇಷ ಹಾಕಿ ತಾಲೀಮು. ಹಾರ್ಮೋನಿಯಂ ನುಡಿಸುತ್ತ ನಾಟಕ ಕಲಿಸುವ ಪೇಟಿ ಮಾಸ್ತರರು ಒಂದು ಕಡೆ. ನಾಯಕನ ತಾಯಿಯ ಪಾತ್ರದ ಹಂಪಣ್ಣ, ಮೀಸೆ ಬೋಳಿಸಲು ಖಡಾಖಂಡಿತ ಒಪ್ಪದೆ, ಸೆರಗನ್ನು ಮೂಗಿನತನಕ ಎಳೆದುಕೊಂಡು ಮಂಚದ ಮೇಲೆ ಸಾಯುತ್ತಿದ್ದ. ನನ್ನ ಕೋಟು ಒಳಗೆ ಬಂತು. ಬಗಲಲ್ಲಿ ಬಿಗಿಯುತ್ತಿದ್ದ ಅದರೊಳಗೆ ನಾಗರಾಜ ಮೊಳಕೈ ಎತ್ತಿಕೊಂಡೇ ನಡೆದ. ಹಂಪಣ್ಣನ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಹಿಡಿದು, ಕಣ್ಣು ಮಿಟುಕಿಸುವುದರೊಳಗೆ ಬಿಟ್ಟು, "ಕಾಲ ಮಿಂಚಿತು! ಇನ್ನು ನನ್ನಿಂದ ಏನೂ ಸಾಧ್ಯವಿಲ್ಲ!" ಎಂದು ಘೋಷಿಸಿದ.

ನನಗೇನಾಯಿತೋ. ಎದ್ದು ನಿಂತು, "ಲೇ ನಾಗ್ಯಾ, ನಾಡಿ ಇರೋದು ಹೆಬ್ಬಟ್ಟಿನ ಕಡಿಗಲೇ! ಸಿಗಲಿಲ್ಲಂದ್ರ ಇನ್ನೊಮ್ಮಿ ನೋಡಬೇಕು. ಒಂದ್ಸಲ ಮುಟ್ಟಿ ಕೈಬಿಟ್ರ ಹೆಂಗ?" ಎಂದೆ.

ಪೇಟಿ ನಿಂತಿತು. ಮಾಸ್ತರರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ತಂಗಿ, ಇನ್ನೊಮ್ಮಿ ನೋಡಿದ್ರ ಆಕಿ ಬದುಕ್ತಾಳ. ಆಕಿ ಬದುಕಿದ್ರ ಮುಂದ ನಾಟಕ ಐತೇನು?" ಎಂದರು.

ಮಂಚದಿಂದ ಸೆರಗು ಸರಿಯಿತು. "ನೋಡ್ಲಿ ಬಿಡ್ರಿ ಮಾಸ್ತರ," ಎಂದ ಹಂಪಣ್ಣ, "ಬದುಕಿದ್ರ ನನಗೂ ಇನ್ನೊಂದು ಹಾಡು ಸಿಕ್ಕೀತು."

ನಾನು ಹೋಗಿ ಅವನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಗರಾಜನಿಗೆ ತೋರಿಸಿದೆ. ಹಂಪಣ್ಣನ ನಾಡಿ ನನ್ನ ಬೆರಳಿನ ಕೆಳಗೆ ದಡದಡ ಹಾರುತ್ತಿತ್ತು. ಅದುವರೆಗೆ ಪುಸ್ತಕದಲ್ಲಿ ಓದಿದ್ದು, ನನ್ನ ಕೈಯ ಮೇಲೆಯೇ ಹಿಡಿದು ನೋಡಿಕೊಂಡದ್ದು. ಇನ್ನೊಬ್ಬರ ಜೀವ ಹೀಗೆ ಬೆರಳಿಗೆ ತಾಗಿದ್ದು ಅದೇ ಮೊದಲು. ನನಗೆ ಇದು ಬೇಕು, ಬೇರೇನೂ ಬೇಡ ಎನ್ನಿಸಿತು. ಎಷ್ಟು ಬೇಕೆನ್ನಿಸಿತೆಂದರೆ ತೋರಿಸಿ ಮುಗಿದಮೇಲೂ ಆ ಕೈ ಬಿಡಲಿಲ್ಲ.

ನಾಗರಾಜ ಕೋಟಿನ ಗುಂಡಿ ಬಿಚ್ಚುತ್ತ ನನ್ನ ಹತ್ತಿರ ಬಂದ. "ಗಿರ್ಜಿ, ಸಾಯೋ ಹಂಪಣ್ಣನ್ನ ಇನ್ನೊಮ್ಮಿ ನೋಡ್ಬೇಕಂತಿ. ನೀನು ಫಿಸಿಕ್ಸ್ ಯಾಕ ಇನ್ನೊಮ್ಮಿ ನೋಡವಲ್ಲಿ?" ಎಂದ. "ನಿನ್ನ ಮಾಡ್ಕೊಳ್ಳಾಕ ನನಗೇನು ಬ್ಯಾಸರಿಲ್ಲ. ಆದ್ರ ನೀನು ಜಲ್ಮಪೂರ್ತಿ ಹಿಂಗ ನನ್ನ ನಾಟಕದಾಗ ತಪ್ಪು ಹುಡುಕ್ತಿ. ಬಳ್ಳಾರಿಗೆ ಹೋಗವ್ವ ತಾಯಿ. ನಮ್ಮತ್ತಿಗೆ ನಾ ಹೇಳ್ತೀನಿ."

ಹೇಳಿದನೂ ಹೌದು. ಮನೆಗೆ ಬಂದಮೇಲೆ ಅವ್ವ ನನ್ನ ಮುಂದಿದ್ದ ಅಕ್ಕಿಯ ಮೊರವನ್ನು ತಾನೇ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. "ಹೋಗು, ಓದ್ಕೊ ಹೋಗು," ಎಂದಳು.

ಅಂಕ ಬೇಡವೆಂದು ಬರೆದುಕೊಡಲು ಕೊಟ್ಟೂರಿಗೆ ಅಪ್ಪ ಜೊತೆಗೆ ಬಂದ, ಖಾಕಿ ಬಟ್ಟೆಯಲ್ಲೇ. ಕಾಲೇಜಿನ ಕಚೇರಿಯಲ್ಲಿ ರುಜು ಹಾಕುವ ಮೊದಲು ನಾನು ಪೆನ್ನು ನಿಲ್ಲಿಸಿದೆ. ಇದ್ದದ್ದನ್ನೂ ಕಳೆದುಕೊಳ್ಳಲು ಹೊರಟಿದ್ದೇನೆಯೇ ಎಂದು ಅಪ್ಪನ ಮುಖ ನೋಡಿದೆ. ಅಪ್ಪನಿಗೆ ಗೊತ್ತಿದ್ದ ಸಮಾಧಾನವೆಲ್ಲ ರೈಲ್ವೆಯದೇ. "ಸಿಗ್ನಲ್ ಬೀಳಲಿಲ್ಲಂತ ಗಾಡಿ ವಾಪಸ್ ಹೋಗಂಗಿಲ್ಲವ್ವ. ಹೊರಗ ನಿಂತಿರ್ತೈತಿ. ಬಿದ್ದ ಮ್ಯಾಲ ಒಳಗ ಬರ್ತೈತಿ. ಹಾಕು ರುಜು," ಎಂದ. ಹಾಕಿದೆ.

ಆ ವರ್ಷ ನಾನು ಓದಿದ್ದು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ, ಬೇವಿನ ನೆರಳಿನಲ್ಲಿ. ಗಾಡಿ ಬಂದು ಹೋದಮೇಲೆ ಅಷ್ಟು ನಿಶ್ಶಬ್ದವಾದ ಜಾಗ ಊರಲ್ಲಿ ಬೇರೊಂದಿರಲಿಲ್ಲ. ಪ್ರಯಾಣಿಕರು ಬಂದು, "ಯಾವ ಕಡೀಗೆ ಹೊಂಟೀಯವ್ವ?" ಎಂದು ಕೇಳುವರು. "ಬಳ್ಳಾರಿಗೆ," ಎನ್ನುತ್ತಿದ್ದೆ. ಗಾಡಿ ಬಂದರೂ ನಾನು ಹತ್ತದಿರುವುದನ್ನು ಕಂಡು ಪಾಪ, ತಲೆ ಕೆಟ್ಟ ಹುಡುಗಿ ಎಂದುಕೊಂಡಿರಬೇಕು. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಈಗ ನೇರ ರಸ್ತೆಯನ್ನೇ ಹಿಡಿಯುತ್ತಿದ್ದೆ. ಕೋಟು ಮತ್ತೆ ತನ್ನ ಗೂಟಕ್ಕೆ ಬಂದಿತ್ತು, ಕಾಲರಿಗೆ ನಾಗರಾಜನ ಮುಖದ ಗುಲಾಬಿ ಬಣ್ಣ ಮೆತ್ತಿಕೊಂಡು. ಕಂಡಾಗಲೆಲ್ಲ ಅದನ್ನು ಒಮ್ಮೆ ದಿಟ್ಟಿಸಿ ಮುಂದೆ ಹೋಗುತ್ತಿದ್ದೆ.

ಎರಡನೇ ಸಲ ಅರ್ಜಿ ಹಾಕಿದ್ದನ್ನು ಯಾರಿಗೂ ಹೇಳಬಾರದೆಂದು ಅವ್ವ ಆಣೆ ಹಾಕಿಸಿದ್ದಳು. ಮತ್ತೆ ಅಷ್ಟು ಸಕ್ಕರೆ ತರುವುದು ಯಾರು? ಅದರ ಅಗತ್ಯ ಬೀಳಲಿಲ್ಲ. ಪಟ್ಟಿಯಲ್ಲಿ ಹೆಸರಿತ್ತು. ಸುದ್ದಿ ಬಂದ ದಿನ ಅಪ್ಪ ಗಾಡಿ ಹೋದಮೇಲೂ ಹಸಿರು ಬಾವುಟ ಹಿಡಿದುಕೊಂಡೇ ನಿಂತಿದ್ದನೆಂದು ಸ್ಟೇಷನ್ ಮಾಸ್ತರರು ಎಷ್ಟೋ ವರ್ಷ ಹೇಳಿ ನಗುತ್ತಿದ್ದರು. ಹಡಗಲಿಯ ಅತ್ತೆ ಮತ್ತೆ ಮಲ್ಲಿಗೆ ತಂದಳು, ಈ ಸಲ ಬಾಗಿಲಲ್ಲೇ ಮುಡಿಸಿದಳು.

ಕೋಟು ತರಲು ಹೋದೆ. ಈ ನಡುವೆ ಯಾರನ್ನೋ ನೋಡಲು ಬಳ್ಳಾರಿ ಆಸ್ಪತ್ರೆಗೆ ಹೋಗಿದ್ದ ಕಾಕಾನಿಗೆ ಸತ್ಯ ತಿಳಿದಿತ್ತು. "ಅಲ್ಲಿ ಯಾರ ಹೆಗಲಿಗೂ ಪಟ್ಟಿ ಇಲ್ಲವ್ವ. ಬಿಚ್ಚಿಕೊಡ್ಲಿ?" ಎಂದು ಕತ್ತರಿ ಹಿಡಿದು ತಲೆ ತಗ್ಗಿಸಿ ಕೇಳಿದರು. ಅಪ್ಪ ಪಕ್ಕದಲ್ಲಿ ನಿಂತು ರಸ್ತೆ ನೋಡುತ್ತಿದ್ದ. "ಇರ್ಲಿ ಬಿಡ್ರಿ ಕಾಕಾ," ಎಂದೆ.

ಆಮೇಲೆ ಎಷ್ಟೋ ಕೋಟು ಹಾಕಿದೆ, ಹರಿದೆ. ಕೂಡ್ಲಿಗಿಯ ಆಸ್ಪತ್ರೆಯಲ್ಲಿದ್ದಾಗ, ನಾಡಿ ಸಿಗದೆ ಕೈ ಹಿಂತೆಗೆದುಕೊಳ್ಳುವ ಹೊತ್ತಿನಲ್ಲಿ, ಒಮ್ಮೊಮ್ಮೆ ಪೇಟಿ ಮಾಸ್ತರರು ಕನ್ನಡಕದ ಮೇಲಿಂದ ನೋಡಿದಂತಾಗುತ್ತಿತ್ತು. ಇನ್ನೊಮ್ಮೆ ಬೆರಳಿಡುತ್ತಿದ್ದೆ. ಪ್ರತಿ ಸಲ ಸಿಕ್ಕಿತೆಂದು ಹೇಳಲಾರೆ. ಸಿಕ್ಕಾಗ ಮಾತ್ರ ನಾಟಕ ಕೆಟ್ಟರೂ ಕೆಡಲಿ ಎಂದುಕೊಂಡಿದ್ದೇನೆ.

ಅದಿರಲಿ, ಕಾಲೇಜಿನ ಮೊದಲ ದಿನದ್ದು ಹೇಳಿ ಮುಗಿಸುತ್ತೇನೆ. ಹೆಗಲ ಪಟ್ಟಿ, ಮುಚ್ಚಳದ ಜೇಬು, ಕಾಲರಿನಲ್ಲಿ ಒಗೆದರೂ ಹೋಗದ ಗುಲಾಬಿ ಛಾಯೆ, ಈ ವೈಭವದಲ್ಲಿ ನಾನು ಒಳಗೆ ಕಾಲಿಟ್ಟೆ. ಮೆಟ್ಟಿಲ ಮೇಲೆ ಕೂತಿದ್ದ ಸೀನಿಯರ್ ಹುಡುಗರ ಗುಂಪು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಅವರಲ್ಲೊಬ್ಬ ಎದ್ದು ಸಲಾಮು ಹೊಡೆದು, "ಯಾವ ಸ್ಟೇಷನ್ನು ಮೇಡಂ ತಮ್ಮದು?" ಎಂದ. ಎಲ್ಲರೂ ನಕ್ಕರು. ಹಿಂದಿನ ವರ್ಷವಾಗಿದ್ದರೆ ನಾನು ಅತ್ತುಬಿಡುತ್ತಿದ್ದೆ.

"ಹಗರಿಬೊಮ್ಮನಹಳ್ಳಿರೀ," ಎಂದೆ. "ಗಾಡಿ ಸ್ವಲ್ಪ ಲೇಟಾತು."